ಕೋಟದ ಗದ್ದೆಯಲ್ಲಿ ಮಯಸಭೆ!

ಮಯಸಭೆಯನ್ನು ಯಾವುದರಿಂದ ಕಟ್ಟಿದ್ದರು, ಹೇಳಿ ನೋಡೋಣ! ಇಟ್ಟಿಗೆಯೇ? ಅಮೃತಶಿಲೆಯೇ? ಕನ್ನಡಿಯೇ?

ಮಹಾಭಾರತದಲ್ಲಿ ಇದಕ್ಕೊಂದು ಉತ್ತರ ಇದೆ. ಖಾಂಡವವನ ಹೊತ್ತಿ ಉರಿಯುವಾಗ ಅರ್ಜುನನಿಂದ ಜೀವ ಉಳಿಸಿಕೊಂಡವನು ದಾನವಶಿಲ್ಪಿ ಮಯ. ಆ ಋಣ ತೀರಿಸಲು ಅವನು ಮೈನಾಕ ಪರ್ವತದ ಹತ್ತಿರದ ಬಿಂದುಸರೋವರಕ್ಕೆ ಹೋಗಿ, ವೃಷಪರ್ವನೆಂಬ ದಾನವರಾಜನಿಗಾಗಿ ಮಾಡಿಟ್ಟಿದ್ದ ಸಾಮಗ್ರಿಯನ್ನು ಹೊರಿಸಿಕೊಂಡು ಬಂದನಂತೆ. ಅದರಿಂದ ಕಟ್ಟಿದ ಸಭೆಯಲ್ಲಿ ನೆಲ ನೀರಾಗಿ ಕಾಣುತ್ತದೆ, ನೀರು ನೆಲವಾಗಿ ಕಾಣುತ್ತದೆ. ಎಂಥ ಸಾಮಗ್ರಿ ಅದು? ಯಾವ ಅಂಗಡಿಯಲ್ಲಿ ಸಿಗುತ್ತದೆ?

ಸಿನಿಮಾದವರನ್ನು ಕೇಳಿದರೆ ಥಟ್ಟನೆ ಲಿಸ್ಟು ಕೊಡುತ್ತಾರೆ. ಪ್ಲೈವುಡ್ಡು, ಪ್ಲಾಸ್ಟರ್ ಆಫ್ ಪ್ಯಾರಿಸ್, ಥರ್ಮೋಕೋಲು, ಬಣ್ಣ! 1977ರ ತೆಲುಗಿನ 'ದಾನ ವೀರ ಶೂರ ಕರ್ಣ'ದಲ್ಲಿ ಎನ್.ಟಿ.ಆರ್. ದುರ್ಯೋಧನನಾಗಿ ಮಯಸಭೆಯಲ್ಲಿ ಮೀಸೆ ತಿರುವಿಕೊಂಡು ನಡೆದದ್ದು ಸೆಟ್ಟಿನ ಮೇಲೆ. ಈಗಾದರೆ ಹಸಿರು ಪರದೆ ಕಟ್ಟಿ, ಉಳಿದದ್ದನ್ನು ಕಂಪ್ಯೂಟರಿಗೆ ಬಿಟ್ಟುಬಿಡುತ್ತಾರೆ.

ಪಿಯುಸಿ ಅರ್ಧಕ್ಕೇ ಬಿಟ್ಟು ಸಿನಿಮಾ ಹುಚ್ಚು ಹತ್ತಿಸಿಕೊಂಡವನು ನಾನು. ಮೊದಲ ಸಲ ಸ್ಟುಡಿಯೋ ಒಳಗೆ ಹೋದಾಗ ಒಂದು ಅರಮನೆಯ ಕಂಬದ ಹಿಂದೆ ಇಣುಕಿದೆ. ಹಿಂದೆ ಏನೂ ಇರಲಿಲ್ಲ! ಎರಡು ಮರದ ಪಟ್ಟಿ, ನಾಲ್ಕು ಮೊಳೆ, ಯಾರೋ ಕುಡಿದಿಟ್ಟ ಟೀ ಲೋಟ. ಆ ದಿನ ಮನಸ್ಸಿನಲ್ಲಿ ಏನೋ ಮುರಿಯಿತು. ಅದು ಮತ್ತೆ ಕೂಡಿಕೊಂಡದ್ದು ಕೋಟದಲ್ಲಿ, ಕೊಯ್ಲಾದ ಒಂದು ಗದ್ದೆಯಲ್ಲಿ. ಅಲ್ಲಿ ಪ್ಲೈವುಡ್ಡು ಕೂಡ ಇರಲಿಲ್ಲ.

ಮೂರ್ಕೈಯಲ್ಲಿ ಇಳಿದಾಗ

ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿದರೆ ಬ್ರಹ್ಮಾವರ, ಸಾಸ್ತಾನ, ಗುಂಡ್ಮಿ, ಸಾಲಿಗ್ರಾಮ ದಾಟಿದ ಮೇಲೆ ಕೋಟ. ಕಂಡಕ್ಟರು "ಮೂರ್ಕೈ, ಮೂರ್ಕೈ!" ಎಂದು ಕೂಗಿದಲ್ಲಿ ಇಳಿದೆ. ಸಾಯ್ಬ್ರಕಟ್ಟೆ ರಸ್ತೆ ಹೆದ್ದಾರಿಗೆ ಬಂದು ಸೇರುವ ಜಾಗ ಅದು. ಪಶ್ಚಿಮಕ್ಕೆ ಸಮುದ್ರ, ನಡುವೆ ತೆಂಗಿನ ತೋಟ, ಗದ್ದೆ ಬಯಲು. ಭತ್ತ ಮುಗಿದ ಮೇಲೆ ಆ ಗದ್ದೆಗಳಲ್ಲಿ ನೆಲಗಡಲೆ, ಉದ್ದು.

ಈ ಕೋಟ ನಮ್ಮ ಚಿತ್ರರಸಿಕರಿಗೆ ಹೊಸ ಹೆಸರೇನಲ್ಲ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರಿದು. ಅವರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ತೆಗೆದ 'ಚೋಮನ ದುಡಿ' ಸ್ವರ್ಣಕಮಲ ಗೆದ್ದಿತು, ಚೋಮನಾದ ಎಂ.ವಿ. ವಾಸುದೇವ ರಾವ್ ದೇಶದ ಅತ್ಯುತ್ತಮ ನಟರಾದರು. ಇದೇ ಕುಂದಾಪುರ ಸೀಮೆಯ ಕೆರಾಡಿಯ ರಿಷಬ್ ಶೆಟ್ಟಿ 2022ರ 'ಕಾಂತಾರ'ಕ್ಕೆ ಅದೇ ಪ್ರಶಸ್ತಿ ತಂದರು. ಇನ್ನೊಂದು ವಿಷಯ ಎಷ್ಟು ಜನರಿಗೆ ಗೊತ್ತೋ! ಕಾರಂತರು ಸ್ವತಃ ಕ್ಯಾಮೆರಾ ಹಿಂದೆ ನಿಂತವರು. ಮೂಕಿಚಿತ್ರದ ಕಾಲದಲ್ಲೇ ಕೈ ಸುಟ್ಟುಕೊಂಡು ನೋಡಿದವರು. ಅಂಥವರು ಕೊನೆಗೆ ಜೀವ ತೇಯ್ದದ್ದು ಯಕ್ಷಗಾನಕ್ಕೆ. ಅವರ 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಊರ ದೇವತೆ ಅಮೃತೇಶ್ವರಿಗೆ ಇಲ್ಲಿಯ ಜನ 'ಹಲವು ಮಕ್ಕಳ ತಾಯಿ' ಅನ್ನುತ್ತಾರೆ. ಆ ತಾಯಿಯ ಹೆಸರಿನಲ್ಲೇ ಮೇಳ. ಪಕ್ಕದ ಸಾಲಿಗ್ರಾಮದ ಹೆಸರಿನಲ್ಲಿ ಇನ್ನೊಂದು ಮೇಳ. ಹಿಂದಿನ ಸ್ಟಾಪಿನ ಗುಂಡ್ಮಿಯವರೇ ಭಾಗವತ ಕಾಳಿಂಗ ನಾವಡರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಕ್ಯಾಸೆಟ್ಟಿನ ಕಾಲ ಮುಗಿದರೂ ಆ ಕಂಠ ಮುಗಿದಿಲ್ಲ. ನಾನು ಟೀ ಕುಡಿದ ಅಂಗಡಿಯ ಹುಡುಗನ ಮೊಬೈಲಿನಲ್ಲಿ ಹಾಡುತ್ತಿದ್ದದ್ದು ಅವರೇ!

ಚೌಕಿಯೊಳಗಿನ ಗುಟ್ಟು

ಸಂಜೆ ಗದ್ದೆಗೆ ಹೋದೆ. ಯಾರದೋ ಮನೆಯ ಹರಕೆ ಆಟ. ನಾಲ್ಕು ಕಂಬ, ಮಾವಿನ ಎಲೆ, ಬಾಳೆ, ಕೂರುವುದಕ್ಕೆ ಒಂದು ರಥ. ರಥ ಅಂದರೆ ಬಟ್ಟೆ ಹೊದಿಸಿದ ಬೆಂಚು! ರಂಗಸ್ಥಳ ಅಷ್ಟೇ. ಹಿಂದೆ ಚೌಕಿ, ಅಂದರೆ ಮೇಕಪ್ ರೂಮು. ಆದರೆ ಇಲ್ಲಿ ಮೇಕಪ್‌ಮ್ಯಾನ್ ಇಲ್ಲ. ದೇವೇಂದ್ರನಾದರೂ ತನ್ನ ಮುಖಕ್ಕೆ ತಾನೇ ಬಣ್ಣ ಬಳಿದುಕೊಳ್ಳಬೇಕು.

ಬಣ್ಣದ ಕತೆ ಕೇಳಿದರೆ ಬೆರಗಾಗುತ್ತೀರಿ. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಎಲ್ಲವನ್ನೂ ಕಲಸಲು ತೆಂಗಿನೆಣ್ಣೆ. ಅರದಾಳದಲ್ಲಿ ಇರುವುದು ಪಾಷಾಣ, ಇಂಗಳೀಕದಲ್ಲಿ ಪಾದರಸ. ದೇವರ ಮುಖಕ್ಕೆ ಬಳಿಯುತ್ತಿದ್ದದ್ದು ವಿಷ! ಈಗ ಅಂಗಡಿಯ ಬಣ್ಣಗಳು ಬಂದಿವೆ. ರಾಕ್ಷಸನ ಮುಖದ ಬಿಳಿಯ ಮುಳ್ಳುಗಳು, ಅಂದರೆ ಚಿಟ್ಟಿ, ಅಕ್ಕಿಹಿಟ್ಟು ಮತ್ತು ಸುಣ್ಣದ ಕಲಸು. ಕಡ್ಡಿಯಲ್ಲಿ ಒಂದೊಂದೇ ಚುಕ್ಕೆ ಇಟ್ಟು ಗಂಟೆಗಟ್ಟಲೆ ಬೆಳೆಸಬೇಕು. ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರ ಮರ, ಮೇಲೆ ಬೇಗಡೆ, ಕನ್ನಡಿ ಚೂರು. ಅಡುಗೆಮನೆಯ ಅಕ್ಕಿ, ಎಲೆಯಡಿಕೆಯ ಸುಣ್ಣ, ತಲೆಗೆ ಹಚ್ಚುವ ಎಣ್ಣೆ. ಸ್ವರ್ಗ, ಪಾತಾಳ ಎರಡೂ ಇದರಿಂದಲೇ!

ಆದರೆ ಮಯಸಭೆ? ಅದರ ಸಾಮಾನು ಚೌಕಿಯ ಯಾವ ಪೆಟ್ಟಿಗೆಯಲ್ಲೂ ಕಾಣಲಿಲ್ಲ.

ಮೂಲೆಯಲ್ಲಿ ಅರವತ್ತರ ಹತ್ತಿರದ ಹಿರಿಯರೊಬ್ಬರು ಕಾಲು ಚಾಚಿ ಕೂತು ಮೊಣಗಂಟಿಗೆ ಎಣ್ಣೆ ತಿಕ್ಕುತ್ತಿದ್ದರು. ಅವತ್ತಿನ ಕೌರವ ಅವರೇ.

"ಹ್ವಾಯ್, ಪೇಪರಿನೋರಾ? ಬನಿ, ಕೂಕಣಿ" ಎಂದರು.

"ಮಯಸಭೆ ಎಲ್ಲಿದೆ ಯಜಮಾನ್ರೇ? ನೆಲ ಯಾವುದು, ನೀರು ಯಾವುದು?" ಎಂದು ತಮಾಷೆ ಮಾಡಿದೆ.

ಅವರು ನಗಲಿಲ್ಲ. "ನೆಲ ನನ್ನ ಕಣ್ಣಗೆ ಇತ್ತ್. ನೀರ್ ಮಾತ್ರ ಈ ಗಂಟಗೆ ಇತ್ತ್, ಡಾಕ್ಟ್ರೇ ಹೇಳಿರ್" ಎಂದು ಮೊಣಕಾಲು ತೋರಿಸಿದರು. ಎಡಗಾಲಿನ ಗಂಟು ಊದಿಕೊಂಡು ತೆಂಗಿನಕಾಯಿಯಷ್ಟಾಗಿತ್ತು.

"ಮತ್ತೆ ಕುಣಿಯಬಾರದು ಅಂತ ಹೇಳಲಿಲ್ಲವೇ?"

"ಹೇಳಿರ್. ಆಟ ಬಿಟ್ರೆ ಮಳಿಗಾಲ್ದಗೆ ಎಂತ ತಿಂಬುದ್?"

ನನ್ನ ಬಾಯಿ ಕಟ್ಟಿಹೋಯಿತು. ಮೇಳದ ತಿರುಗಾಟ ನವೆಂಬರಿನಿಂದ ಮೇವರೆಗೆ. ಆ ಆರು ತಿಂಗಳ ರಾತ್ರಿಗಳ ಗಳಿಕೆಯೇ ವರ್ಷದ ಅನ್ನ. ಬಡಗುತಿಟ್ಟಿನಲ್ಲಂತೂ ಮಂಡಿಯೂರಿ ಗಿರಗಿರನೆ ತಿರುಗುವ ಕುಣಿತಕ್ಕೆ ಚಪ್ಪಾಳೆ ಜಾಸ್ತಿ. ಮಂಡಿಯೇ ಇಲ್ಲವಾದರೆ?

ರಾತ್ರಿ ಎರಡೂವರೆ

ಚಂಡೆ ನಿಂತು ಬರೀ ಮದ್ದಳೆ ಮೆಲ್ಲಗೆ ನುಡಿಯತೊಡಗಿತು. ಕೌರವ ಒಳಗೆ ಬಂದ. ಸಂಜೆ ಎಣ್ಣೆ ತಿಕ್ಕುತ್ತಿದ್ದ ಮುದುಕ ಎಲ್ಲಿ ಹೋದನೋ!

ಸುತ್ತ ನೋಡಿದ. ಕತ್ತೆತ್ತಿ ಇಲ್ಲದ ಚಾವಣಿ ನೋಡಿದ. ಹೊಟ್ಟೆಕಿಚ್ಚು ಕಣ್ಣಿನಲ್ಲಿ ಕುಡಿಯೊಡೆಯಿತು. ಎರಡು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. ಕೆಳಗೆ ನೋಡಿ ಕಸೆಸೀರೆಯ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹೆಬ್ಬೆರಳನ್ನು ಮೆಲ್ಲಗೆ ಅದ್ದಿ ನೋಡಿದ. ಒಣ ನೆಲ! ಜನ ಗೊಳ್ಳೆಂದು ನಕ್ಕರು. ಅವಮಾನ ನುಂಗಿಕೊಂಡು ಎದೆ ಸೆಟೆಸಿ ಮುಂದೆ ನಡೆದ. ಈ ಸಲ ನಿಜವಾದ ಕೊಳ.

ನಾನು ಆ ಕ್ಷಣ ಕೌರವನನ್ನು ಬಿಟ್ಟು ಜನರನ್ನು ನೋಡಿದೆ. ನನ್ನ ಮುಂದೆ ಚಾಪೆಯ ಮೇಲೆ ಕೂತಿದ್ದ ಹುಡುಗ ಎರಡೂ ಕಾಲನ್ನು ಸರಕ್ಕನೆ ಒಳಗೆ ಎಳೆದುಕೊಂಡ. ಪಕ್ಕದ ಅಜ್ಜಿ ಸೀರೆಯ ಅಂಚನ್ನು ಮೇಲೆ ಮಾಡಿಕೊಂಡರು. ಒಣಗಿ ಬಿರುಕು ಬಿಟ್ಟ ಗದ್ದೆಯಲ್ಲಿ ಇನ್ನೂರು ಜನರ ಕಾಲಿಗೆ ನೀರು ತಾಗುವುದರಲ್ಲಿತ್ತು!

ಮಯ ಬಿಂದುಸರೋವರದಿಂದ ತಂದ ಸಾಮಾನು ಯಾವುದೆಂದು ಆಗ ನನಗೆ ಗೊತ್ತಾಯಿತು. ಕೌರವನ ಕಾಲಿನ ಅಳುಕು ಅರ್ಧ, ನೋಡುವವನ ನಂಬಿಕೆ ಇನ್ನರ್ಧ. ಅದರ ಹಿಂದೆ ಹೋಗಿ ಇಣುಕಲು ಕಂಬವೇ ಇಲ್ಲ.

ಮರುಕ್ಷಣ ಕೌರವ ಬಿದ್ದ. ಬಿದ್ದದ್ದು ಎಡ ಮಂಡಿಯ ಮೇಲೆ. ದ್ರೌಪದಿ ವೇಷದವರ ನಗು ಒಂದು ಗಳಿಗೆ ತಡವಾಗಿ ಬಂತು. ಅವನು ಏಳುವಾಗ ತುಂಬ ಹೊತ್ತು ತೆಗೆದುಕೊಂಡ. ಒಂದು ಕೈ ನೆಲಕ್ಕೆ ಊರಿ, ಹಲ್ಲು ಕಚ್ಚಿ, ಇಂಚು ಇಂಚಾಗಿ ಎದ್ದ. ಗದ್ದೆಯಿಡೀ ಸದ್ದಿಲ್ಲ. ಕುರುಕ್ಷೇತ್ರದಲ್ಲಿ ಹದಿನೆಂಟು ಅಕ್ಷೌಹಿಣಿ ಸೈನ್ಯ ನಾಶವಾಗುವುದು ಈ ಏಳುವಿಕೆಯಿಂದಲೇ ಅನ್ನಿಸಿತು.

ಬೆಳಗಾದ ಮೇಲೆ ಚೌಕಿಗೆ ಹೋದೆ. ಅವರು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಕೌರವನ ಮುಖ ಒಂದು ಹಳೇ ಬಟ್ಟೆಗೆ ಬರುತ್ತಿತ್ತು. ಮೊಣಗಂಟು ನೋಡಲಾಗಲಿಲ್ಲ.

"ಯಜಮಾನ್ರೇ, ನಿನ್ನೆ ಬಿದ್ದದ್ದು ಆಟವೋ, ನಿಜವೋ?"

ಅವರು ಬಟ್ಟೆ ಕೆಳಗಿಟ್ಟು ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿದರು.

"ಎಂತದ್ ಕೇಂತ್ರಿ ಮಾರಾಯ್ರೆ? ನೀರ್ ಇತ್ತ್, ಜಾರ್ದೆ!"

ಅಷ್ಟರಲ್ಲಿ ಮೇಳದ ಲಾರಿ ಹಾರ್ನು ಹೊಡೆಯಿತು. ಅವತ್ತು ರಾತ್ರಿ ಇನ್ನೊಂದು ಊರಿನಲ್ಲಿ ಆಟ. ಇಬ್ಬರು ಹುಡುಗರ ಹೆಗಲ ಮೇಲೆ ಕೈ ಹಾಕಿ ಅವರು ಹತ್ತಿ ಕೂತರು. ನಾನು ಗದ್ದೆ ಅಂಚಿನಲ್ಲಿ ನಡೆದು ಮೂರ್ಕೈಗೆ ಬಂದೆ. ರಂಗಸ್ಥಳವಿದ್ದ ಜಾಗ ದಾಟುವಾಗ, ನಂಬಿ ಬಿಡಿ, ಪ್ಯಾಂಟನ್ನು ಒಂದಿಷ್ಟು ಮೇಲೆತ್ತಿಕೊಂಡೇ ದಾಟಿದೆ.