ಮ್ಯಾಟ್ ಎತ್ತಿ ನೋಡಿ

ಸಾಗರದ ಪ್ರಬಂಧಕಾರರೊಬ್ಬರ ಮನೆಯಂಗಳದಲ್ಲಿ 1998ರ ಬಿಳಿ ಮಾರುತಿ 800 ನಿಂತಿದೆ. ಮಾರ್ತೀರಾ ಎಂದು ಕೇಳುವವರು ಕಮ್ಮಿ, ಇನ್ನೂ ಓಡುತ್ತಾ ಎಂದು ಕೇಳುವವರೇ ಹೆಚ್ಚು. ಅವರಿಗೆ ಉತ್ತರ ಹೇಳುವ ಹುಮ್ಮಸ್ಸಿನಲ್ಲಿ ಹುಟ್ಟಿದ್ದು ಈ ಬರಹ. ಬರೆದವರು ತಮ್ಮನ್ನು 'ಅವರು' ಎಂದೇ ಕರೆದುಕೊಂಡಿದ್ದಾರೆ. ಕಾರಿನ ವಿಷಯದಲ್ಲಿ 'ನಾನು' ಎನ್ನಲು ಮನೆಯಾಕೆ ಬಿಡುವುದಿಲ್ಲ; ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ಆಕೆಯ ಪಿ.ಎಫ್. ಸಾಲದಿಂದ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ 800ರ ಕೀಲಿಕೈಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗಿತ್ತರು. ಬೆಲೆ ಸುಮಾರು 47,500 ರೂಪಾಯಿ. ಅಂಬಾಸಡರ್, ಪದ್ಮಿನಿಗಳ ಎದುರು ಅದೊಂದು ಮರಿ: 796 ಸಿಸಿ, ಮೂರು ಸಿಲಿಂಡರ್, 12 ಇಂಚಿನ ಗಾಲಿ. 1986ರಲ್ಲಿ ಮೈಕಟ್ಟು ಬದಲಾಯಿತು, ಎಂಜಿನ್ನಿನ ಮೂಲ ವಿನ್ಯಾಸ ಉಳಿಯಿತು. 2010ರಲ್ಲಿ ಹೊಗೆಯ ನಿಯಮ ಬಿಗಿಯಾಗಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅಷ್ಟು ವರ್ಷ ಒಂದೇ ಎಂಜಿನ್ ಬಿಚ್ಚಿ ಜೋಡಿಸಿ ಊರೂರಿನ ಮೇಸ್ತ್ರಿಗಳ ಕೈ ಪಳಗಿತು. ಹಳೇ 800ರ ಮೇಲಿನ ನಂಬಿಕೆಯಲ್ಲಿ ಅರ್ಧ ಪಾಲು ಈ ಕೈಗಳಿಗೇ ಸಲ್ಲಬೇಕು.

ಇನ್ನರ್ಧ ಸದ್ದಿಗೆ. ಈ ಕಾರು ಹೇಳದೆ ಕೈಕೊಡುವುದು ಅಪರೂಪ.

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಗಾಲಿಯಲ್ಲಿ 'ಕಟಕಟ' ಎಂದರೆ ಆಕ್ಸಲ್ ಬೂಟು ಹರಿದಿದೆ. ಗ್ರೀಸ್ ಹೊರಬಿದ್ದು ಮಣ್ಣು ಒಳಹೊಕ್ಕು ಜಾಯಿಂಟ್ ಸವೆಯುತ್ತಿದೆ. ಬೂಟು ಹರಿದದ್ದು ಸದ್ದಿಗೆ ಮೊದಲೇ ಕಣ್ಣಿಗೆ ಬಿದ್ದರೆ ಒಂದು ರಬ್ಬರು, ಒಂದಿಷ್ಟು ಗ್ರೀಸಿನಲ್ಲಿ ಮುಗಿಯುತ್ತದೆ. ತಡವಾದರೆ ಜಾಯಿಂಟೇ ಹೊಸದು ಬೇಕು. ಚೋಕ್ ಎಳೆದರೂ ಐಡ್ಲಿಂಗಿನಲ್ಲಿ ನಡುಗಿ ಆರಿಹೋದರೆ ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕೂತಿರಬಹುದು. ತಿಂಗಳುಗಟ್ಟಲೆ ನಿಂತ ಕಾರಿಗೆ ಇದು ಮಾಮೂಲಿ.

ಭಯಪಡಬೇಕಾದದ್ದು ಬಿಸಿಗೆ. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ರೇಡಿಯೇಟರ್ ಫ್ಯಾನು ತಿರುಗದಿದ್ದರೆ ಮುಳ್ಳು ಕೆಂಪಿಗೇರುತ್ತದೆ. ಆಗಲೂ 'ಇನ್ನೊಂದು ತಿರುವು ತಾನೆ' ಎಂದು ಒತ್ತುವವರಿದ್ದಾರೆ. ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಮ್ಮಿನದು. ಕಾದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಎಂಜಿನ್ ಆಯಿಲಿನ ಮುಚ್ಚಳದೊಳಗೆ ಕೆನೆಯಂಥ ಜಿಡ್ಡು ಕಂಡರೆ ನೀರು ಆಯಿಲಿಗೆ ಸೇರಿದೆಯೆಂಬ ಅನುಮಾನ ಬರಬೇಕು. ಕೂಲಂಟಿನ ದುಡ್ಡು ಉಳಿಸಲು ಬಾವಿನೀರು ತುಂಬಿದವರ ಕಾರುಗಳಲ್ಲಿ ರೇಡಿಯೇಟರ್ ಕಟ್ಟಿಕೊಂಡಿರುವುದೂ ಉಂಟು.

ಸದ್ದಿಲ್ಲದ ಕಾಯಿಲೆ ಒಂದೇ, ತುಕ್ಕು. ಮಲೆನಾಡಿನ ಮಳೆಗೆ ಬಾಗಿಲ ಬುಡ, ರನ್ನಿಂಗ್ ಬೋರ್ಡ್, ನೆಲದ ತಗಡು ಒಳಗಿಂದ ತೆಳುವಾಗುತ್ತವೆ. ಮಾರುವವರು ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ಕೊಳ್ಳಲು ಹೊರಟವರು ಬಾನೆಟ್ ಎತ್ತಿ ತಲೆಯಾಡಿಸುವ ಶಾಸ್ತ್ರಕ್ಕೆ ಮೊದಲು ಕಾಲಡಿಯ ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುವುದು ಒಳ್ಳೆಯದು. ಪ್ರಬಂಧಕಾರರ ಮನೆಯಾಕೆ ಕೊಳ್ಳುವ ದಿನ ಮಾಡಿದ್ದು ಇದನ್ನೇ. ಬೆಲೆ ಅಲ್ಲೇ ಇಳಿಯಿತು.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದನ್ನೂ ಕಟ್ಟಬಹುದು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಕಾರ್ಬುರೇಟರ್ ಬಲ್ಲ ಕೈಗಳೇ ಈಗ ಕಮ್ಮಿ. 2000ದ ಆಚೆಗೆ ಇಂಧನ ಸಿಂಪಡಿಸುವ ಎಂಪಿಎಫ್‌ಐ ಬಂದ ಮೇಲೆ ಹುಡುಗರು ಕಲಿತದ್ದು ಬೇರೆ ವಿದ್ಯೆ.

ಈಚೆಗೆ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗ ಬಾನೆಟ್ಟಿನಡಿ ಹುಡುಕಾಡಿ, "ಸ್ಕ್ಯಾನರ್ ಎಲ್ಲಿಗೆ ಚುಚ್ಚೋದು ಮೇಸ್ತ್ರಿ?" ಎಂದು ಕೇಳಿದ. ಮೇಸ್ತ್ರಿ ಸ್ಕ್ರೂಡ್ರೈವರ್ ಕೊಟ್ಟು ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ತೋರಿಸಿದರು. "ಇಲ್ಲಿಗೆ ಚುಚ್ಚು. ನಿಧಾನಕ್ಕೆ ತಿರುಗ್ಸು. ಮೊಬೈಲ್ ಜೇಬಲ್ಲಿಟ್ಟು ಕಿವಿ ಇತ್ಲಾಗೆ ಕೊಡು."