ಅಮ್ಮನ ಕೆಲಸದ ಹೆಸರು

ಉದ್ಯೋಗದ ಸಂದರ್ಶನಕ್ಕೆ ಹೊರಟ ಯುವಕ ಯುವತಿಯರು ಸಲಹೆ ಕೇಳಿ ನನ್ನಲ್ಲಿಗೆ ಬರುವುದುಂಟು. ಪುತ್ತೂರು, ಸುಳ್ಯ, ಕಡಬದ ಈ ಮಕ್ಕಳು ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಅಪರಿಚಿತರ ಮುಂದೆ ಕುಳಿತುಕೊಳ್ಳುವವರು. ನೇರವಾಗಿ ಕುಳಿತುಕೊಳ್ಳಿ, ನಗುಮುಖವಿರಲಿ, ಧೈರ್ಯಗೆಡಬೇಡಿ ಎಂದು ನಾವು ಹೇಳಿ ಕಳುಹಿಸುತ್ತೇವೆ. ಇದರಲ್ಲಿ ತಪ್ಪಿಲ್ಲ. ಆದರೆ ನಾನು ಇದರೊಂದಿಗೆ ಇನ್ನೊಂದು ಸಲಹೆಯನ್ನೂ ಕೊಟ್ಟು, ಒಬ್ಬ ಹುಡುಗಿಯ ದಾರಿಗೆ ಅಡ್ಡವಾದೆ.

1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ಅನೇಕ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಪರಿಸರದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಆಕೆ ಅಂಥ ಕುಟುಂಬದ ಮೂರನೆಯ ತಲೆಮಾರಿನವಳು. ತಾಯಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಬಿ.ಕಾಂ. ಮುಗಿಸಿದ ಮಗಳು ಮಂಗಳೂರಿನಲ್ಲಿ ಲೆಕ್ಕಪತ್ರದ ಹುದ್ದೆಯೊಂದರ ಸಂದರ್ಶನಕ್ಕೆ ಹೊರಟಾಗ ನಾನು ಹೇಳಿದೆ: "ಮನೆಯ ವಿಷಯ ಕೇಳಿದರೆ, ಅಮ್ಮ ಗೃಹಿಣಿ ಎಂದರೆ ಸಾಕು."

ಸಂದರ್ಶಕರು ಅವಳ ವಿಳಾಸ ನೋಡಿ, ಬಹುಶಃ ಅವಳ ಅಂಜಿಕೆ ಕಳೆಯಲೆಂದೇ, "ರಬ್ಬರಿನ ಊರಿನವರಲ್ಲವೇ? ಹಾಲು ತೆಗೆಯುವುದು ಹೇಗೆ, ಸ್ವಲ್ಪ ಹೇಳಿ" ಎಂದರಂತೆ. ನನ್ನ ಮಾತು ನೆನಪಾಗಿ ಅವಳು, "ನನಗೆ ತಿಳಿಯದು" ಎಂದಳು. ಕೆಲಸ ಸಿಗಲಿಲ್ಲ. ಮರಳಿ ಬಂದು ಹೇಳಿದಳು: "ಫಾದರ್, ಲೆಕ್ಕದ ಪ್ರಶ್ನೆಗಳು ಕಷ್ಟವಿರಲಿಲ್ಲ. ಆದರೆ ಅಮ್ಮನ ಕೆಲಸ ಗೊತ್ತಿಲ್ಲವೆಂದ ಮೇಲೆ ಅವರು ಕೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ."

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಸಲಹೆ ನನ್ನೊಳಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನನ್ನ ಅಪ್ಪ ಬೇರೆಯವರ ತೋಟದಲ್ಲಿ ಅಡಿಕೆ ಕೊಯ್ಯುತ್ತಿದ್ದರು. ಮಳೆಗಾಲದ ಮೊದಲು ಮರವೇರಿ ಮೈಲುತುತ್ತು ಬಿಡುತ್ತಿದ್ದರು. ಸೆಮಿನರಿಯ ಮೊದಲ ದಿನಗಳಲ್ಲಿ ನಾನು ಅವರನ್ನು "ಕೃಷಿಕರು" ಎಂದಷ್ಟೇ ಪರಿಚಯಿಸಿದ್ದೆ. ನನ್ನ ಹಳೆಯ ಸಂಕೋಚವನ್ನು ಆ ಹುಡುಗಿಯ ತಲೆಯ ಮೇಲೆ ಹೊರಿಸಿದ್ದೆ.

ಮನೋಭಾವವೆಂದರೆ ಮುಖದ ಮೇಲೆ ತಂದುಕೊಳ್ಳುವ ನಗುವಲ್ಲ. ಅಡಗಿಸಬೇಕಾದುದು ಒಂದಿದ್ದರೆ ಮನಸ್ಸಿನ ಅರ್ಧ ಭಾಗ ಅದನ್ನು ಕಾಯುವುದರಲ್ಲೇ ತೊಡಗುತ್ತದೆ. ಉಳಿದ ಅರ್ಧದಲ್ಲಿ ಪ್ರಶ್ನೆಯನ್ನು ಗ್ರಹಿಸಿ ಉತ್ತರಿಸಬೇಕು. ಎದುರಿಗಿರುವವರಿಗೆ ಕಾಣುವುದು ಅಂಜಿಕೆ, ಇಲ್ಲವೇ ಅಸಡ್ಡೆ.

ಎರಡನೆಯ ಸಲ ಪುತ್ತೂರಿನ ಒಂದು ಸಹಕಾರಿ ಸಂಸ್ಥೆಯಿಂದ ಕರೆ ಬಂದಾಗ, "ಈ ಸಲ ಏನು ಹೇಳಲಿ ಫಾದರ್?" ಎಂದು ಕೇಳಿದಳು. "ಇದ್ದದ್ದನ್ನು ಹೇಳಮ್ಮ" ಎಂದೆ. ಅವಳು ಹೇಳಿದಳು: ಬೆಳಗಿನ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ನಸುಕಿನಲ್ಲೇ ಹೊರಡಬೇಕು, ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆಯೇ ಉಳಿದರೆ ಹಾಲು ಕಡಿಮೆ, ರಜೆಯಲ್ಲಿ ಅಮ್ಮನ ಜೊತೆ ತಾನೂ ಹೋಗಿದ್ದೇನೆ. ಆಮೇಲೆ ಲೆಕ್ಕದ ಪ್ರಶ್ನೆಗಳು ಬಂದವು. ಒಂದಕ್ಕೆ, "ಇದು ನನಗೆ ಬಾರದು, ಕಲಿಯುತ್ತೇನೆ" ಎಂದಳು. ಕೆಲಸ ಸಿಕ್ಕಿತು.

ನಿಜ ಹೇಳಿದವರಿಗೆಲ್ಲ ಕೆಲಸ ಸಿಗುತ್ತದೆಂದು ನಾನು ಹೇಳಲಾರೆ. ಓದಿಗೆ ಬದಲಿ ಇಲ್ಲ: ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275 ಮಾತ್ರ. ಸಂದರ್ಶಕರೂ ತಪ್ಪುವವರೇ, ಕೇಂದ್ರ ಸರಕಾರ ಕೆಳಸ್ತರದ ಅನೇಕ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ಸೋತು ಬಂದರೂ ಅಮ್ಮನ ಮುಖ ನೋಡುವಂತಿರಬೇಕು.

ಈಗಲೂ ಮಕ್ಕಳು ಸಲಹೆ ಕೇಳಿ ಬರುತ್ತಾರೆ. "ಮನೆಯಲ್ಲಿ ಏನು ಕೆಲಸ?" ಎಂದು ಮೊದಲು ನಾನು ಕೇಳುತ್ತೇನೆ. ದನಿ ತಗ್ಗಿಸದೆ ಅದನ್ನು ಹೇಳುವವರೆಗೆ ಬೇರೆ ಪ್ರಶ್ನೆಗೆ ಹೋಗುವುದಿಲ್ಲ.