ಚೈನ್ ಎಷ್ಟು ಬಿಗಿಯಿರಬೇಕು?

ಸಹೋದರಿಯರೇ, ನಿಮ್ಮ ಮಗಳು ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾಳೆಯೇ? ಹಾಗಾದರೆ ಈ ಮಾತು ನಿಮಗಾಗಿ. 2006-07ರಲ್ಲಿ ರಾಜ್ಯ ಸರಕಾರವು ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಮಕ್ಕಳು ಸೈಕಲೇರಿದರು. ಆದರೆ ಅದರ ರಿಪೇರಿ ಮಾತ್ರ ಗಂಡಸರ ಕೆಲಸವೆಂದೇ ಉಳಿಯಿತು.

ನನ್ನ ಮಗಳ ಸೈಕಲ್‌ನ ಚೈನ್ ದಾರಿಯಲ್ಲಿ ಪದೇ ಪದೇ ಕಳಚುತ್ತಿತ್ತು. ರಿಪೇರಿಯವನು ಬಿಗಿ ಮಾಡಿಕೊಟ್ಟ. ಆಗ ಪ್ರತಿ ಸುತ್ತಿಗೊಮ್ಮೆ ಪೆಡಲ್ ಭಾರವಾಗಿ ಕಟಕಟ ಸದ್ದು ಬರತೊಡಗಿತು. ಸಡಿಲಿಸಿದರೆ ಮತ್ತೆ ಕಳಚಿತು. ಮಗಳು ಎರಡು ಸಲ ತಡವಾಗಿ ಶಾಲೆ ತಲುಪಿದಳು. "ಬೆಳೆದ ಹುಡುಗಿ ದಾರಿಯಲ್ಲಿ ಚೈನ್ ಹಾಕುತ್ತಾ ಕೂರುವುದೇ? ಸೈಕಲ್ ಬಿಡಿಸು" ಎಂದು ಹಿರಿಯರು ಗೊಣಗಿದರು. ಸರಿಯಾದ ಬಸ್ಸಿಲ್ಲದ ನಮ್ಮೂರಲ್ಲಿ ಸೈಕಲ್ ಬಿಡಿಸುವುದೆಂದರೆ ಶಾಲೆ ಬಿಡಿಸಿದಂತೆಯೇ!

ಕೆಲಸ ಬಲ್ಲ ನನ್ನ ಅಣ್ಣ ಮನೆಗೆ ಬಂದಾಗ ಕಾರಣ ತಿಳಿಯಿತು. ಪೆಡಲಿನ ಬಳಿಯ ಹಲ್ಲಿನ ಚಕ್ರ ಪೂರ್ತಿ ದುಂಡಗಿರುವುದು ಅಪರೂಪ. ಆದ್ದರಿಂದ ಒಂದೇ ಸುತ್ತಿನಲ್ಲಿ ಚೈನ್ ಒಂದೆಡೆ ಬಿಗಿಯಾಗಿ ಇನ್ನೊಂದೆಡೆ ಸಡಿಲವಾಗುತ್ತದೆ. ಸಡಿಲವಿದ್ದಲ್ಲಿ ನೋಡಿ ಬಿಗಿ ಮಾಡಿದರೆ ಬಿಗಿಯ ಜಾಗದಲ್ಲಿ ಎಳೆದು ಹಿಡಿಯುತ್ತದೆ. ಚೈನ್, ಬೇರಿಂಗ್ ಎರಡೂ ಸವೆಯುತ್ತವೆ. ತಿಂಗಳ ಮೊದಲ ವಾರದ ಕೈ ನೋಡಿ ನಾವು ಖರ್ಚು ನಿರ್ಧರಿಸುತ್ತೇವೆಯೇ? ಕೊನೆಯ ವಾರವನ್ನಲ್ಲವೇ ನೆನೆಯುವುದು? ಚೈನ್‌ನ ಲೆಕ್ಕವೂ ಹಾಗೆಯೇ.

ಸೈಕಲನ್ನು ಸ್ಟ್ಯಾಂಡ್ ಹಾಕಿ, ಚೈನ್ ಕವರ್ ತೆಗೆದು, ಪೆಡಲನ್ನು ನಿಧಾನವಾಗಿ ತಿರುಗಿಸಿ. ಅತಿ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ಎರಡೂ ನಟ್ ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆಯಿರಿ. ಚೈನ್‌ನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸುಮಾರು ಅರ್ಧ ಅಂಗುಲ ಅಲುಗಬೇಕು. ಚಕ್ರ ನೇರವಾಗಿದೆಯೇ ಎಂದು ನೋಡಿ ನಟ್ ಬಿಗಿಯಿರಿ; ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೊಮ್ಮೆ ಪರೀಕ್ಷಿಸಿ. ತಿರುಗುವ ಚೈನ್‌ಗೆ ಮಾತ್ರ ಎಂದೂ ಬೆರಳು ತಾಗಿಸಬೇಡಿ. ಚಕ್ರ ಸರಿದಾಗ ಬ್ರೇಕ್ ಕೂಡ ಸರಿಯುವುದರಿಂದ ಅದನ್ನೂ ಹಿಡಿದು ನೋಡಿ. ಬುರ್ಖಾ, ಶಾಲು ಸಿಲುಕದಂತೆ ಕವರನ್ನು ಮರಳಿ ಹಾಕಲು ಮರೆಯದಿರಿ.

ಇಷ್ಟಾದರೂ ಚೈನ್ ಕಳಚಿದರೆ? ಹೊಲಿಗೆಯ ಸ್ಕೇಲ್ ತನ್ನಿ. ಹೊಸ ಚೈನ್‌ನ 24 ಕೊಂಡಿಗಳು ಸರಿಯಾಗಿ 12 ಅಂಗುಲ. ಅದಕ್ಕಿಂತ ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಸವೆದಿದೆ, ಬದಲಾಯಿಸಬೇಕು. ಚೈನ್ ಚೆನ್ನಾಗಿದ್ದೂ ಒಂದು ಜಾಗದಲ್ಲಿ ಜೋತಾಡಿದರೆ ಹಲ್ಲಿನ ಚಕ್ರವೇ ಸೊಟ್ಟಗಾಗಿದೆ ಎಂದರ್ಥ.

ಈಗ ನನ್ನ ಮಗಳೇ ಇದನ್ನೆಲ್ಲ ಮಾಡುತ್ತಾಳೆ. ಗೊಣಗುತ್ತಿದ್ದ ಹಿರಿಯರೂ ತಮ್ಮ ಸೈಕಲನ್ನು ಅವಳ ಮುಂದೆಯೇ ನಿಲ್ಲಿಸುತ್ತಾರೆ. ಸಹೋದರಿಯರೇ, ಮಗಳಿಗೆ ಸೈಕಲ್ ಕೊಡಿಸುವಾಗ ಜೊತೆಗೊಂದು ಸ್ಪ್ಯಾನರನ್ನೂ ಕೊಡಿಸಿ.